ಮುಂದಾಗಿ ಮಾಡುವ ಕೆಲಸ

‘ಮನೆ ಹತ್ತಿ ಉರಿಯುವಾಗ ಬಾವಿ ತೋಡಿದರಂತೆ’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗನಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದವರ ಮಾತೂ ನಮಗೆ ಹೊಸದಲ್ಲ. ಇವನ್ನು ಕೇಳಿದಾಗ ನಾವು ನಗುತ್ತೇವೆ. ಬಾವಿ ತೋಡಹೊರಟವನು ಬೇರೆ ಯಾರೋ ಎಂದುಕೊಳ್ಳುತ್ತೇವೆ. ಆದರೆ ಬ್ಯಾಂಕಿನ ಮೇಜಿನ ಹಿಂದೆ ಇಪ್ಪತ್ತು ವರ್ಷ ಕುಳಿತವನಿಗೆ ಕಂಡುಬರುವ ಸಂಗತಿಯೇ ಬೇರೆ. ವಿದ್ಯಾವಂತರೂ ದುಡಿಮೆಗಾರರೂ ಆದ ನಾವೇ, ದಿನನಿತ್ಯದ ವ್ಯವಹಾರದಲ್ಲಿ ಹೊಗೆ ಕಂಡ ಮೇಲೆ ಗುದ್ದಲಿ ಹುಡುಕುವವರು.

ನಾಸಿಕದಲ್ಲಿಯೂ ಛತ್ರಪತಿ ಸಂಭಾಜಿನಗರದಲ್ಲಿಯೂ (ಹಿಂದಿನ ಔರಂಗಾಬಾದ್) ಕೆಲಸ ಮಾಡುವ ಅವಕಾಶ ನನಗೆ ದೊರಕಿತು. ಸಂಭಾಜಿನಗರದ ಶಾಖೆಗೆ ಒಂದು ದಿನ ಸುಮಾರು ನಲವತ್ತು ವಯಸ್ಸಿನ ಮಹಿಳೆಯೊಬ್ಬರು ಪ್ಲಾಸ್ಟಿಕ್ ಚೀಲದ ತುಂಬ ಪಾಸ್‌ಬುಕ್ಕುಗಳನ್ನು ಹಿಡಿದು ಬಂದರು. ಬೀದರ ಕಡೆಯವರು. ವಾಳೂಜದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಪತಿ ಹೃದಯಾಘಾತದಿಂದ ತೀರಿಕೊಂಡು ಎರಡು ತಿಂಗಳಾಗಿತ್ತು. ಹಣವಿತ್ತು, ಮೂರು ಬ್ಯಾಂಕುಗಳಲ್ಲಿ ಹಂಚಿಹೋಗಿತ್ತು. ಆದರೆ ಯಾವ ಖಾತೆಯಲ್ಲಿಯೂ ನಾಮನಿರ್ದೇಶನವಿರಲಿಲ್ಲ. ಪತ್ನಿಯ ಹೆಸರು ಜಂಟಿಯಾಗಿಯೂ ಇರಲಿಲ್ಲ. ಹಿಂದೂ ಉತ್ತರಾಧಿಕಾರದ ಕಾನೂನಿನಂತೆ ಪತ್ನಿ ಮಕ್ಕಳ ಜೊತೆಗೆ ತಾಯಿಯೂ ವಾರಸುದಾರಳು. ಊರಿನಲ್ಲಿ ಹಾಸಿಗೆ ಹಿಡಿದಿದ್ದ ಮುದುಕಿಯ ಹೆಬ್ಬೆಟ್ಟು, ವಾರಸಾ ಪತ್ರ, ಜಾಮೀನುದಾರರು, ಪ್ರಮಾಣಪತ್ರ, ಇಷ್ಟೆಲ್ಲ ಕೂಡಿಬರುವ ಹೊತ್ತಿಗೆ ಜೂನ್ ತಿಂಗಳ ಶಾಲಾ ಶುಲ್ಕದ ದಿನ ಕಳೆದುಹೋಗಿತ್ತು. ‘ಮಾಡಸ್ತೀನಿ ಅಂತಿದ್ರು ಸಾಹೇಬ್ರ, ದೀಪಾವಳಿ ಆದ ಮ್ಯಾಲ ಮಾಡಸ್ತೀನಿ ಅಂತಿದ್ರು’ ಎಂದು ಆಕೆ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಆ ಮನುಷ್ಯ ಬೇಜವಾಬ್ದಾರನಲ್ಲ, ಉಳಿತಾಯ ಮಾಡಿದವನು. ಆತನಲ್ಲಿ ಮುಂದಾಲೋಚನೆ ಇತ್ತು. ಇಲ್ಲದಿದ್ದುದು, ಆ ಆಲೋಚನೆಯನ್ನು ಕಾಗದದ ಮೇಲಿಳಿಸುವ ಹತ್ತು ನಿಮಿಷ ಮಾತ್ರ.

ಮುಂದಾಲೋಚನೆಯೂ ಮುಂದಾಗುವಿಕೆಯೂ

ಇಂಗ್ಲಿಷಿನಲ್ಲಿ ಪ್ರೋ-ಆಕ್ಟಿವ್ ಎಂಬುದೊಂದು ಮಾತುಂಟು. 1989ರಲ್ಲಿ ಅಮೆರಿಕೆಯ ಸ್ಟೀಫನ್ ಕೋವೆ ಎಂಬ ಲೇಖಕ, ಪರಿಣಾಮಕಾರಿ ವ್ಯಕ್ತಿಗಳ ಏಳು ಅಭ್ಯಾಸಗಳನ್ನು ಕುರಿತ ತನ್ನ ಪುಸ್ತಕದಲ್ಲಿ ಇದನ್ನೇ ಮೊದಲನೆಯ ಅಭ್ಯಾಸವೆಂದು ಕರೆದ ಮೇಲೆ, ಕಚೇರಿಗಳ ತರಬೇತಿ ಶಿಬಿರಗಳಲ್ಲೆಲ್ಲ ಅದು ಕೇಳಿಬರತೊಡಗಿತು. ಕನ್ನಡದಲ್ಲಿ ಇದನ್ನು ‘ಮುಂದಾಗಿ ಮಾಡುವುದು’ ಎಂದು ಸರಳವಾಗಿ ಹೇಳಬಹುದು. ಇದು ಅವಸರವಲ್ಲ, ಅವಸರವೆಂಬುದು ತಡಮಾಡಿದವನ ಪಾಡು. ಇದು ಚಿಂತೆಯೂ ಅಲ್ಲ. ಚಿಂತಿಸುವವನು ನಾಳೆಯ ಕಷ್ಟವನ್ನು ಇಂದೇ ಅನುಭವಿಸುತ್ತಾನೆಯೇ ಹೊರತು ಅದನ್ನು ಕಡಿಮೆ ಮಾಡುವುದಿಲ್ಲ. ಒಂದು ಕೆಲಸ ಇನ್ನೂ ಚಿಕ್ಕದಾಗಿರುವಾಗ, ಅದನ್ನು ಹೇಗೆ ಮಾಡಬೇಕೆಂಬ ಆಯ್ಕೆ ಇನ್ನೂ ನಮ್ಮ ಕೈಯಲ್ಲಿರುವಾಗ, ಅದನ್ನು ಮಾಡಿ ಮುಗಿಸುವುದೇ ಮುಂದಾಗುವಿಕೆ.

ಇದು ಇಷ್ಟು ಸುಲಭವಾಗಿದ್ದರೆ ನಾವೇಕೆ ಮಾಡುವುದಿಲ್ಲ? ಇಂಥ ಕೆಲಸಗಳು ನಮ್ಮನ್ನು ಕರೆಯುವುದಿಲ್ಲ ಎಂಬುದೇ ಅದಕ್ಕೆ ಮುಖ್ಯ ಕಾರಣ. ಹಾಲಿನವನು ಬಾಗಿಲು ತಟ್ಟುತ್ತಾನೆ, ಫೋನು ಗಂಟೆ ಬಾರಿಸುತ್ತದೆ, ಮೇಲಧಿಕಾರಿ ಕೂಗುತ್ತಾರೆ. ನಾಮನಿರ್ದೇಶನದ ಅರ್ಜಿ ಮಾತ್ರ ಕೂಗುವುದಿಲ್ಲ. ಏರುತ್ತಿರುವ ರಕ್ತದೊತ್ತಡವೂ ಕೂಗುವುದಿಲ್ಲ.

ದ್ರಾಕ್ಷಿಯ ಬಳ್ಳಿ ಕಲಿಸುವ ಪಾಠ

ನಾಸಿಕವು ದ್ರಾಕ್ಷಿಯ ನಾಡು. ಅಲ್ಲಿಯ ತೋಟಗಳಲ್ಲಿ, ನಮ್ಮ ವಿಜಯಪುರದ ತೋಟಗಳಲ್ಲಿರುವಂತೆಯೇ, ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಏಪ್ರಿಲಿನಲ್ಲಿ ಒಂದು ಸಲ, ಅಕ್ಟೋಬರಿನ ಸುಮಾರಿಗೆ ಇನ್ನೊಂದು ಸಲ. ಅಕ್ಟೋಬರಿನ ಕತ್ತರಿಕೆಯಾದ ಮೇಲೆ ಹೂಗೊಂಚಲು ಹೊರಡುತ್ತದೆ. ಜನವರಿಯಿಂದ ಹಣ್ಣು ಪೇಟೆಗೆ ಬರುತ್ತದೆ. ಆದುದರಿಂದ ಅಕ್ಟೋಬರಿನಲ್ಲಿ ಮಾಡಿದ ಕೆಲಸದಿಂದಲೇ ಫಸಲು ಬಂತೆಂದು ಹೊರಗಿನವರು ತಿಳಿಯುವುದು ಸಹಜ.

ಆದರೆ ನಿಜಸ್ಥಿತಿ ಹಾಗಿಲ್ಲ. ಏಪ್ರಿಲಿನಲ್ಲಿ ಕತ್ತರಿಸಿದ ಬಳ್ಳಿಯಿಂದ ಹೊಸ ಚಿಗುರು ಹೊರಟು ಒಂದೆರಡು ತಿಂಗಳು ಕಳೆಯುವುದರೊಳಗೆ, ಆ ಚಿಗುರಿನ ಕಣ್ಣುಗಳೊಳಗೆ ಮುಂದಿನ ಗೊಂಚಲಿನ ಮೂಲರೂಪ ಮೂಡಿಬಿಡುತ್ತದೆ. ಯಾವ ಕಣ್ಣು ಹಣ್ಣು ಕೊಡಬೇಕು, ಯಾವುದು ಬರಿಯ ಎಲೆಯಾಗಬೇಕು ಎಂಬುದು ಮೇ-ಜೂನ್ ತಿಂಗಳುಗಳಲ್ಲಿಯೇ ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ಆಗ ಬಿಸಿಲು ಸಾಕಷ್ಟು ಬೀಳದಿದ್ದರೆ, ನೀರು ಗೊಬ್ಬರಗಳ ಪ್ರಮಾಣ ತಪ್ಪಿದರೆ, ಅಕ್ಟೋಬರಿನಲ್ಲಿ ಎಷ್ಟು ಪರದಾಡಿದರೂ ಇಲ್ಲದ ಗೊಂಚಲನ್ನು ಹೊರಡಿಸಲಾಗದು. ಕಣ್ಣಿಗೆ ಏನೂ ಕಾಣದ ಆ ತಿಂಗಳುಗಳಲ್ಲಿ ತೋಟವನ್ನು ಕಾಯುವವನೇ ಜಾಣ ರೈತ.

ನಮ್ಮ ಜೀವನದಲ್ಲಿಯೂ ಹೀಗೆಯೇ. ಐವತ್ತೈದರಲ್ಲಿ ಬರುವ ಹೃದಯದ ಬೇನೆ ಮೂವತ್ತೈದು ನಲವತ್ತರಲ್ಲಿಯೇ ಕಣ್ಣು ಕಟ್ಟಿರಬಹುದು. ನಿವೃತ್ತಿಯ ದಿನ ಕೈಗೆ ಬರುವ ಮೊತ್ತ ಮೊದಲನೆಯ ಸಂಬಳಗಳಲ್ಲಿಯೇ ಬಹುಮಟ್ಟಿಗೆ ನಿರ್ಧಾರವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಎಲ್ಲವೂ ನಮ್ಮ ಕೈಯಲ್ಲಿಲ್ಲ. 2014ರ ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ ಮಹಾರಾಷ್ಟ್ರದಲ್ಲಿ ಬಿದ್ದ ಆಲಿಕಲ್ಲಿನ ಮಳೆ, ಎಲ್ಲವನ್ನೂ ಸರಿಯಾಗಿ ಮಾಡಿದ್ದ ರೈತರ ತೋಟಗಳನ್ನೂ ಬಿಡಲಿಲ್ಲ. ಆಲಿಕಲ್ಲನ್ನು ತಡೆಯುವುದು ನಮ್ಮ ಕೆಲಸವಲ್ಲ. ಬೆಳೆವಿಮೆಯ ಕಂತನ್ನು ಸಕಾಲಕ್ಕೆ ಕಟ್ಟುವುದು ನಮ್ಮ ಕೆಲಸ. ಕೈಯಲ್ಲಿರುವುದನ್ನು ಮಾಡಿ, ಕೈಮೀರಿದ್ದನ್ನು ಬಿಡುವ ವಿವೇಕವಿಲ್ಲದಿದ್ದರೆ ಮುಂದಾಗುವಿಕೆಯು ಬರಿಯ ಆತಂಕವಾಗಿ ಪರಿಣಮಿಸುತ್ತದೆ.

ನೆಲದೊಳಗಿನ ಕಾಲುವೆ

ಸಂಭಾಜಿನಗರದ ಮೂಲ ಖಡಕಿ ಎಂಬ ಊರು. ಅಹ್ಮದನಗರದ ನಿಜಾಮಶಾಹಿಯ ಮಂತ್ರಿಯಾಗಿದ್ದ ಮಲಿಕ್ ಅಂಬರನು 1610ರಲ್ಲಿ ಅಲ್ಲಿ ರಾಜಧಾನಿಯನ್ನು ನಿರ್ಮಿಸಿದನು. ಪಕ್ಕದಲ್ಲಿ ಹರಿಯುವ ಖಾಮ್ ಎಂಬುದು ಚಿಕ್ಕ ನದಿ; ದೊಡ್ಡ ಪಟ್ಟಣವೊಂದರ ಬಾಯಾರಿಕೆಯನ್ನು ತಣಿಸುವ ಶಕ್ತಿ ಅದಕ್ಕಿರಲಿಲ್ಲ. ಪಟ್ಟಣ ಬೆಳೆದು ಜನ ಕೊಡ ಹಿಡಿದು ಅಲೆಯುವ ತನಕ ಮಲಿಕ್ ಅಂಬರನು ಕಾಯಲಿಲ್ಲ. ಉತ್ತರದ ಗುಡ್ಡಗಳಲ್ಲಿ ಇಂಗಿದ ನೀರನ್ನು ನೆಲದೊಳಗಿನ ಕಾಲುವೆಗಳ ಮೂಲಕ, ಭೂಮಿಯ ಇಳಿಜಾರಿನ ಬಲದಿಂದಲೇ ಪಟ್ಟಣಕ್ಕೆ ತಂದನು. ‘ನಹರ್-ಎ-ಅಂಬರಿ’ ಎಂದು ಪ್ರಸಿದ್ಧವಾದ ಈ ವ್ಯವಸ್ಥೆಯಲ್ಲಿ ಅಲ್ಲಲ್ಲಿ ಗಾಳಿಗೂ ಶುದ್ಧೀಕರಣಕ್ಕೂ ಬಾಯಿಗಳನ್ನು ಬಿಟ್ಟಿದ್ದರು. ಹದಿನೆಂಟನೆಯ ಶತಮಾನದಲ್ಲಿ ಕಟ್ಟಿದ, ಇಂದು ಪ್ರವಾಸಿಗರೆಲ್ಲ ನೋಡುವ ಪನಚಕ್ಕಿಯ ಬೀಸುಕಲ್ಲು ತಿರುಗುತ್ತಿದ್ದುದೂ ಇಂಥದೇ ಇನ್ನೊಂದು ಕಾಲುವೆಯ ನೀರಿನಿಂದ.

ಈ ಕಾಲುವೆಗಳು ನೂರಾರು ವರ್ಷ ಬಾಳಿದವು. ಕಾಲಾಂತರದಲ್ಲಿ ಮೇಲೆ ಮನೆಗಳೆದ್ದು, ಬಾಯಿಗಳು ಮುಚ್ಚಿಹೋಗಿ, ಹೂಳೆತ್ತುವವರಿಲ್ಲದೆ ಅವುಗಳಲ್ಲಿ ಬಹುಭಾಗ ಹಾಳಾಯಿತು. ನಗರವು 1976ರಲ್ಲಿ ಪೂರ್ಣಗೊಂಡ ಪೈಠಣದ ಜಾಯಕವಾಡಿ ಅಣೆಕಟ್ಟಿನ ಕಡೆಗೆ ಮುಖಮಾಡಿತು. ಒಮ್ಮೆ ಮುಂದಾಗಿ ಮಾಡಿದರೆ ಸಾಲದು, ಮಾಡಿದ್ದನ್ನು ಆಗಾಗ ತೆರೆದು ನೋಡಬೇಕು ಎಂಬ ಎರಡನೆಯ ಪಾಠ ಇಲ್ಲಿದೆ. ಇದೇ ಮರಾಠವಾಡೆಯ ಲಾತೂರಿಗೆ 2016ರ ಏಪ್ರಿಲಿನಲ್ಲಿ ಮೀರಜದಿಂದ ರೈಲಿನಲ್ಲಿ ನೀರು ಸಾಗಿಸಬೇಕಾಗಿ ಬಂದುದನ್ನು ವಾಚಕರು ಮರೆತಿರಲಾರರು. ಆ ರೈಲು ಜೀವ ಉಳಿಸಿತು, ನಿಜ. ಆದರೆ ರೈಲಿನ ನೀರು ಎಷ್ಟೆಂದರೂ ಬೆಂಕಿ ಬಿದ್ದ ಮೇಲಿನ ಬಾವಿಯೇ.

ತಾನಾಗಿ ತೆರೆಯುವ ಬಾಗಿಲು

ನಾಸಿಕಕ್ಕೂ ಕನ್ನಡಿಗರಿಗೂ ಒಂದು ಹಳೆಯ ನಂಟುಂಟು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸೇರಿದ ಸರ್ ಎಂ. ವಿಶ್ವೇಶ್ವರಯ್ಯನವರು ಸಹಾಯಕ ಎಂಜಿನಿಯರರಾಗಿ ಕೆಲಸ ಆರಂಭಿಸಿದ್ದು ನಾಸಿಕದಲ್ಲಿ. ಅವರ ಸೇವಾವಧಿಯ ಒಂದು ಕಾರ್ಯ ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು.

ಪುಣೆಯ ಬಳಿಯ ಖಡಕವಾಸಲಾ ಜಲಾಶಯದಲ್ಲಿ ಮಳೆಗಾಲದ ಹೆಚ್ಚಿನ ನೀರು ಕೋಡಿ ಹರಿದು ವ್ಯರ್ಥವಾಗುತ್ತಿತ್ತು. ಕೋಡಿಯನ್ನು ಸುಮ್ಮನೆ ಎತ್ತರಿಸಿದರೆ ಪ್ರವಾಹಕಾಲದಲ್ಲಿ ಅಣೆಕಟ್ಟಿಗೇ ಅಪಾಯ. ಬಾಗಿಲುಗಳನ್ನು ಇಟ್ಟು ಕಾವಲುಗಾರನನ್ನು ನೇಮಿಸಿದರೆ, ನಡುರಾತ್ರಿಯ ಪ್ರವಾಹದಲ್ಲಿ ಆತ ನಿದ್ದೆಹೋಗಿದ್ದರೇನು ಗತಿ? ವಿಶ್ವೇಶ್ವರಯ್ಯನವರು ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ತಾವಾಗಿಯೇ ತೆರೆದುಕೊಂಡು, ಇಳಿದೊಡನೆ ತಾವಾಗಿಯೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ರೂಪಿಸಿ ಅವಕ್ಕೆ ಪೇಟೆಂಟ್ ಪಡೆದರು. 1903ರಲ್ಲಿ ಅವು ಖಡಕವಾಸಲಾದಲ್ಲಿ ಕೂಡಿದವು. ಹಳೆಯ ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರು ನಿಂತಿತು.

ಈ ಬಾಗಿಲಿನಲ್ಲಿಯೇ ಮುಂದಾಗುವಿಕೆಯ ಗುಟ್ಟು ಅಡಗಿದೆ ಎಂದು ನನ್ನ ನಂಬಿಕೆ. ಮನುಷ್ಯನು ಸದಾ ಎಚ್ಚರವಾಗಿರಬೇಕೆಂದು ಉಪದೇಶಿಸಿ ಪ್ರಯೋಜನವಿಲ್ಲ. ಆತ ದಣಿಯುತ್ತಾನೆ, ಮರೆಯುತ್ತಾನೆ. ಎಚ್ಚರವನ್ನು ವ್ಯವಸ್ಥೆಯೊಳಗೇ ಕೂಡಿಸಿಬಿಟ್ಟರೆ, ಮರೆತಾಗಲೂ ಕೆಲಸ ನಡೆಯುತ್ತದೆ.

ನಮ್ಮ ಊರುಗಳಲ್ಲಿ ಇಂಥ ಬಾಗಿಲುಗಳು ಹಿಂದಿನಿಂದ ಇದ್ದವು. ವೈಶಾಖದ ಬಿಸಿಲಿನಲ್ಲಿ ಹಪ್ಪಳ ಸಂಡಿಗೆ. ಮೃಗಶಿರಾ ಮಳೆಗೆ ಮುನ್ನ ಸೌದೆ ಒಳಗೆ, ಹುಲ್ಲು ಬಣವೆಗೆ, ಹಂಚು ರಿಪೇರಿ. ಸುಗ್ಗಿಯಲ್ಲಿಯೇ ಬಿತ್ತನೆಯ ಬೀಜ ಬೇರೆ. ಇವನ್ನು ಯಾರೂ ಮುಂದಾಲೋಚನೆಯೆಂದು ಕರೆಯಲಿಲ್ಲ. ಪಂಚಾಂಗ, ಹಬ್ಬ, ಅಜ್ಜಿಯ ಗದರಿಕೆ ಇವೇ ನಡೆಸುತ್ತಿದ್ದವು. ಮಹಾನಗರಕ್ಕೆ ಬಂದ ನಮಗೆ ಆ ಪಂಚಾಂಗವಿಲ್ಲ, ಗದರಿಸುವ ಅಜ್ಜಿಯಿಲ್ಲ, ‘ಏನಪ್ಪಾ, ಆ ಕೆಲಸ ಆಯಿತೇ?’ ಎಂದು ಕಟ್ಟೆಯ ಮೇಲೆ ಕೇಳುವ ದೊಡ್ಡಪ್ಪನಿಲ್ಲ. ವಲಸೆ ಬಂದವನು ತನ್ನ ಬಾಗಿಲುಗಳನ್ನು ತಾನೇ ಕೂಡಿಸಿಕೊಳ್ಳಬೇಕು.

ಹಣದ ವಿಷಯ

ಮೊದಲನೆಯದು ನಾಮನಿರ್ದೇಶನ. ಬ್ಯಾಂಕಿನ ಠೇವಣಿಗಳಿಗೆ 2025ರ ನವೆಂಬರ್ 1ರಿಂದ ನಾಲ್ಕು ಜನರ ತನಕ ನಾಮನಿರ್ದೇಶನ ಮಾಡುವ ಅವಕಾಶವಿದೆ. ಯಾರಿಗೆ ಎಷ್ಟು ಪಾಲೆಂಬುದನ್ನೂ ಬರೆಯಬಹುದು, ಅಥವಾ ಒಬ್ಬರ ನಂತರ ಒಬ್ಬರೆಂದು ಕ್ರಮವಾಗಿಯೂ ಸೂಚಿಸಬಹುದು. ಇದಕ್ಕೆ ಶುಲ್ಕವಿಲ್ಲ. ಆದರೆ ಒಂದು ಮಾತು ನೆನಪಿರಲಿ. ನಾಮಿನಿಯು ಬ್ಯಾಂಕಿನಿಂದ ಹಣ ಪಡೆಯುವ ಹಕ್ಕುದಾರನೇ ಹೊರತು, ಕಾನೂನಿನ ದೃಷ್ಟಿಯಲ್ಲಿ ವಾರಸುದಾರರ ಪರವಾಗಿ ಅದನ್ನು ಹಿಡಿದಿರುವವನು. ಆದುದರಿಂದ ಆಸ್ತಿಯುಳ್ಳವರು ಉಯಿಲನ್ನೂ ಬರೆದಿಡುವುದು ಲೇಸು. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಿಲ್ಲ. ಬರೆದವರ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಅವಶ್ಯ.

ಎರಡನೆಯದು, ಊರಿನ ಹಳೆಯ ಖಾತೆಗಳು. ಹತ್ತು ವರ್ಷ ವ್ಯವಹಾರವಿಲ್ಲದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಅದು ಮುಳುಗಿತೆಂದು ತಿಳಿಯಬೇಕಾಗಿಲ್ಲ. ಖಾತೆಯಿದ್ದ ಬ್ಯಾಂಕಿನ ಮೂಲಕ ಹಿಂದಕ್ಕೆ ಪಡೆಯಬಹುದು. ಅಂಥ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕು 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣವನ್ನು ತೆರೆದಿದೆ.

ಮೂರನೆಯದು, ಸ್ಥಾಯೀ ಆದೇಶ. ಸಂಬಳ ಬಂದ ಮರುದಿನವೇ ಆವರ್ತ ಠೇವಣಿಗೆ, ವಿಮೆಯ ಕಂತಿಗೆ, ಊರಿನ ತಂದೆತಾಯಿಗಳ ಖಾತೆಗೆ ಹಣ ತಾನಾಗಿ ಹೋಗುವಂತೆ ಬ್ಯಾಂಕಿಗೆ ಒಮ್ಮೆ ಬರೆದುಕೊಟ್ಟರೆ ಸಾಕು. ಖಡಕವಾಸಲಾದ ಬಾಗಿಲು ನಮ್ಮ ಪಾಸ್‌ಬುಕ್ಕಿಗೂ ಕೂಡಿದಂತಾಯಿತು.

ಪರರಿಗೆ ಬುದ್ಧಿ ಹೇಳುವ ಈ ಲೇಖಕನ ಕಥೆಯನ್ನೂ ಹೇಳಿಬಿಡುತ್ತೇನೆ. ಆ ಮಹಿಳೆ ಬಂದುಹೋದ ವಾರ ನನ್ನ ಸ್ವಂತ ಖಾತೆಗಳನ್ನು ತೆಗೆದು ನೋಡಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾಡಿದ ಠೇವಣಿಯೊಂದಕ್ಕೆ ನಾಮಿನಿಯಾಗಿದ್ದವರು ನನ್ನ ತಂದೆಯವರು. ಅವರು ತೀರಿಕೊಂಡು ಆಗಲೇ ಒಂಬತ್ತು ವರ್ಷವಾಗಿತ್ತು. ದಿನಕ್ಕೆ ಹತ್ತು ಜನರಿಗೆ ಆ ಅರ್ಜಿಯನ್ನು ತುಂಬಿಸುತ್ತಿದ್ದವನ ಮನೆಯ ಕಾಲುವೆಯಲ್ಲಿಯೇ ಹೂಳು ತುಂಬಿತ್ತು.

ವೃತ್ತಿಯ ವಿಷಯ

ಸಾಲದ ಕಂತು ತಪ್ಪಿದಾಗ ಬ್ಯಾಂಕಿನಲ್ಲಿ ಏನಾಗುತ್ತದೆಂದು ಬಹಳ ಜನಕ್ಕೆ ತಿಳಿದಿರುವುದಿಲ್ಲ. ಕಂತು ಬಾಕಿಯಾದ ಮೊದಲ ದಿನದಿಂದಲೇ ಖಾತೆಯ ಮೇಲೆ ಕಣ್ಣಿಡಲಾಗುತ್ತದೆ. ಮೂವತ್ತು, ಅರವತ್ತು, ತೊಂಬತ್ತು ದಿನಗಳೆಂಬ ಮೂರು ಮೆಟ್ಟಿಲು. ತೊಂಬತ್ತು ದಿನ ಮೀರಿತೆಂದರೆ ಅದು ಅನುತ್ಪಾದಕ ಆಸ್ತಿಯೆನಿಸುತ್ತದೆ. ನನ್ನ ಅನುಭವದಲ್ಲಿ ಎರಡು ಬಗೆಯ ಗ್ರಾಹಕರುಂಟು. ಕೊಳ್ಳುವವರಿಂದ ಹಣ ಬರುವುದು ತಡವಾಗುತ್ತದೆಂದು ತಿಳಿದೊಡನೆ, ಕಂತಿನ ದಿನಕ್ಕೆ ಮುನ್ನವೇ ಬಂದು ಕುಳಿತು ಲೆಕ್ಕ ತೋರಿಸುವವನೊಬ್ಬ. ಫೋನು ಎತ್ತದೆ ತಲೆಮರೆಸಿಕೊಳ್ಳುವವನೊಬ್ಬ. ಮೊದಲನೆಯವನಿಗಾಗಿ ಅವಧಿಯನ್ನು ಹೊಂದಿಸಿಕೊಡಲು ದಾರಿಗಳಿರುತ್ತವೆ. ತೊಂಬತ್ತೊಂದನೆಯ ದಿನ ಬಂದವನಿಗೆ ಅದೇ ಅಧಿಕಾರಿ, ಅದೇ ಸದ್ಭಾವನೆಯಿಂದ, ಅಷ್ಟನ್ನು ಮಾಡಲಾರ.

ಇನ್ನೊಂದು ಕಹಿಸತ್ಯವನ್ನೂ ಹೇಳಬೇಕು. ಮುಂದಾಗಿ ಮಾಡಿದ ಕೆಲಸಕ್ಕೆ ಹೊಗಳಿಕೆ ಕಡಿಮೆ. ನಾಸಿಕದ ಸಿಂಹಸ್ಥ ಕುಂಭಮೇಳದಲ್ಲಿ 2003ರ ಆಗಸ್ಟ್ 27ರಂದು ನೂಕುನುಗ್ಗಲಾಗಿ 39 ಜನ ಪ್ರಾಣ ಕಳೆದುಕೊಂಡರು. ಅದು ದೇಶಕ್ಕೆಲ್ಲ ಸುದ್ದಿಯಾಯಿತು. ಮುಂದಿನ ಮೇಳ ನಡೆದದ್ದು 2015ರಲ್ಲಿ. ಅದಕ್ಕೆ ಮುಂಚೆಯೇ ಜನ ಒಂದೆಡೆ ಸೇರದಂತೆ ಹೊಸ ಘಾಟುಗಳನ್ನು ಕಟ್ಟಿ, ಬರುವ ಹೋಗುವ ದಾರಿಗಳನ್ನು ಬೇರ್ಪಡಿಸಿ, ವಾಹನಗಳನ್ನು ಊರ ಹೊರಗೇ ನಿಲ್ಲಿಸುವ ಏರ್ಪಾಡಾಯಿತು. ಅಂಥ ದುರಂತ ಮರುಕಳಿಸಲಿಲ್ಲ. ಆಗದ ನೂಕುನುಗ್ಗಲಿನ ಚಿತ್ರವನ್ನು ಯಾವ ಪತ್ರಿಕೆಯೂ ಅಚ್ಚುಹಾಕುವುದಿಲ್ಲ. ಕಚೇರಿಯಲ್ಲಿಯೂ ಮನೆಯಲ್ಲಿಯೂ ಹೀಗೆಯೇ: ಬೆಂಕಿ ಆರಿಸಿದವನಿಗೆ ಹಾರ, ಬೆಂಕಿ ಬೀಳದಂತೆ ನೋಡಿಕೊಂಡವನಿಗೆ ಮೌನ. ಈ ಮೌನವನ್ನೇ ಸಂಬಳವೆಂದು ತಿಳಿಯುವ ಮನಸ್ಸು ಬೇಕು. ಮನೆಯೊಳಗೆ ಇಂಥ ಕೆಲಸವನ್ನು ವರ್ಷಗಟ್ಟಲೆ ಮಾಡುತ್ತ ಬಂದ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ದೇಹದ ವಿಷಯ

ವೈದ್ಯನಲ್ಲದ ನಾನು ಚಿಕಿತ್ಸೆಯ ಮಾತನ್ನಾಡುವುದಿಲ್ಲ. ಲೆಕ್ಕದ ಮಾತನ್ನಷ್ಟೇ ಹೇಳುತ್ತೇನೆ. ರಕ್ತದೊತ್ತಡ 140/90ನ್ನು ಮತ್ತೆ ಮತ್ತೆ ಮುಟ್ಟುತ್ತಿದ್ದರೆ ಅದನ್ನು ಏರಿದ ಒತ್ತಡವೆಂದು ಪರಿಗಣಿಸುತ್ತಾರೆ. ಬಹಳ ಜನಕ್ಕೆ ಅದರಿಂದ ಯಾವ ತೊಂದರೆಯೂ ಅನಿಸುವುದಿಲ್ಲ, ಅಳೆಯದೆ ತಿಳಿಯುವುದಿಲ್ಲ. ಬರಿಹೊಟ್ಟೆಯ ರಕ್ತದ ಸಕ್ಕರೆ 126 ಅಥವಾ ಅದಕ್ಕಿಂತ ಹೆಚ್ಚಿದ್ದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಕಂಡರೆ ಮಧುಮೇಹ. ಅದಕ್ಕೆ ಮುಂಚಿನ, ಸಕ್ಕರೆ ಏರತೊಡಗಿದ ಹಂತವೇ ದ್ರಾಕ್ಷಿಯ ಮೇ ತಿಂಗಳು.

ಆ ಹಂತದಲ್ಲಿದ್ದವರ ಮೇಲೆ ಅಮೆರಿಕೆಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ತೂಕವನ್ನು ಶೇಕಡ 7ರಷ್ಟು ಇಳಿಸುವ, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವ ಗುರಿಯನ್ನಿಟ್ಟುಕೊಂಡವರಲ್ಲಿ ಮಧುಮೇಹಕ್ಕೆ ತಿರುಗುವ ಸಂಭವ ಶೇಕಡ 58ರಷ್ಟು ತಗ್ಗಿತು. ಚೆನ್ನೈಯ ವೈದ್ಯರು ನಮ್ಮವರ ಮೇಲೆಯೇ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಆಹಾರ ಮತ್ತು ನಡಿಗೆಯ ಬದಲಾವಣೆಯಿಂದ ಶೇಕಡ 28.5ರಷ್ಟು ಇಳಿಕೆ ಕಂಡುಬಂತು. ದಿನಕ್ಕೆ ಅರ್ಧ ಗಂಟೆಯ ನಡಿಗೆಗೆ ಇಷ್ಟು ಬಡ್ಡಿ ಕೊಡುವ ಠೇವಣಿ ಯಾವ ಬ್ಯಾಂಕಿನಲ್ಲಿಯೂ ಇಲ್ಲವೆಂದು ಅನುಭವದಿಂದ ಹೇಳಬಲ್ಲೆ.

ಹಬ್ಬಕ್ಕೊಂದು ಕೆಲಸ

ಕೊನೆಗೆ ಒಂದು ಸೂಚನೆ. ಹೊಸ ದಿನಚರಿ, ಹೊಸ ಪ್ರತಿಜ್ಞೆಗಳು ಹೆಚ್ಚು ದಿನ ಬಾಳುವುದಿಲ್ಲ. ನಾವು ಎಲ್ಲಿದ್ದರೂ ಮರೆಯದಿರುವುದು ನಮ್ಮ ಹಬ್ಬಗಳನ್ನು. ಆದುದರಿಂದ ಒಂದೊಂದು ಹಬ್ಬಕ್ಕೆ ಒಂದೊಂದು ಕೆಲಸವನ್ನು ಗಂಟುಹಾಕಿರಿ. ಯುಗಾದಿಯ ಬೇವುಬೆಲ್ಲವಾದ ಮೇಲೆ ಪಾಸ್‌ಬುಕ್ಕು, ವಿಮೆ, ನಾಮಿನಿಗಳನ್ನು ನೋಡಿ, ಯಾವುದು ಎಲ್ಲಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮನೆಯವರಿಗೆ ತೋರಿಸಿರಿ. ಆಯುಧಪೂಜೆಯಂದು ಬರಿಯ ಕುಂಕುಮವಿಡದೆ, ಅಡುಗೆ ಅನಿಲದ ರಬ್ಬರು ಕೊಳವೆಗೆ ಐದು ವರ್ಷ ತುಂಬಿದೆಯೇ, ವಾಹನದ ವಿಮೆ ಮುಗಿದಿದೆಯೇ ಎಂದು ಪರೀಕ್ಷಿಸಿರಿ. ನವೆಂಬರ್ ಒಂದರ ರಾಜ್ಯೋತ್ಸವದ ವಾರದಲ್ಲಿ ಗಂಡಹೆಂಡಿರಿಬ್ಬರೂ ರಕ್ತದೊತ್ತಡ, ಸಕ್ಕರೆಗಳನ್ನು ಅಳೆಯಿಸಿಕೊಳ್ಳಿರಿ. ಊರಿನಲ್ಲಿರುವ ಹಿರಿಯರಿಗೂ ಆ ವಾರವೇ ಮಾಡಿಸುವಂತೆ ಫೋನು ಮಾಡಿರಿ. ವರ್ಷಕ್ಕೆ ಮೂರು ಬಾಗಿಲು. ಹಬ್ಬ ಬಂದೊಡನೆ ತಾವಾಗಿಯೇ ತೆರೆಯುತ್ತವೆ.

ಬೀದರ ಕಡೆಯ ಆ ತಾಯಿಗೆ ಹಣವೇನೋ ಕೊನೆಗೆ ಸಂದಿತು. ಕೊನೆಯ ಸಹಿ ಮಾಡಿದ ಮೇಲೆ ಆಕೆ ತನ್ನ ಹೆಸರಿನಲ್ಲಿ ಹೊಸ ಖಾತೆ ತೆರೆದರು. ನಾಮಿನಿಯ ಜಾಗವನ್ನು ನಾನು ತೋರಿಸುವ ಮುನ್ನವೇ ಮಗಳ ಹೆಸರನ್ನು ಹೇಳಿದರು. ಇದನ್ನು ಓದುವವರು ಅಷ್ಟು ಬೆಲೆ ತೆತ್ತು ಕಲಿಯಬೇಕಾಗಿಲ್ಲ. ಈ ಸಂಚಿಕೆಯನ್ನು ಕಪಾಟಿನಲ್ಲಿಡುವಾಗ, ಅದೇ ಕಪಾಟಿನಲ್ಲಿರುವ ಪಾಸ್‌ಬುಕ್ಕೊಂದನ್ನು ಹೊರತೆಗೆದು ನೋಡಿರಿ.